ಗುಡ್ಡದ ನೀರಿನ ಲೈನಿಗೆ ಪ್ರೆಷರ್ ರೆಗ್ಯುಲೇಟರ್ ಎಲ್ಲಿ ಹಾಕ್ಬೇಕು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ತೋಟದ ಮನೆ. ಮನೆ ಹಿಂದಿನ ಗುಡ್ಡದಲ್ಲಿ ಅಬ್ಬಿ ನೀರಿದೆ, ಅಲ್ಲೇ ಸಿಮೆಂಟ್ ಟ್ಯಾಂಕ್ ಕಟ್ಸಿ ಪೈಪಲ್ಲಿ ಕೆಳಗೆ ತಂದಿದೀವಿ. ಒಟ್ಟು ಸುಮಾರು 800 ಅಡಿ ಪೈಪು, ಮೇಲಿನ ಅರ್ಧ ಹಳೇ 4 ಕೇಜಿ (ಅಂದ್ರೆ ಚದರ ಸೆಂಟಿಮೀಟರಿಗೆ 4 ಕೇಜಿ ಪ್ರೆಷರ್ ತಡೆಯೋ) ಕಪ್ಪು ಪೈಪು, ಕೆಳಗಿನ ಅರ್ಧ 6 ಕೇಜಿ ಪಿವಿಸಿ. ಹೊಸ ಬಾತ್‌ರೂಮ್ ಮಾಡಿ ಗೀಸರ್, ಬಿಸಿ-ತಣ್ಣೀರು ಬೆರೆಸೋ ಮಿಕ್ಸರ್ ನಲ್ಲಿ ಹಾಕ್ಸಿದ್ಮೇಲೆ ತೊಂದ್ರೆ ಶುರು. ನಲ್ಲಿ ವಾಷರ್ ಎರಡು ತಿಂಗಳಿಗೆ ಹೋಗತ್ತೆ, ಗೀಸರಿನ ವಾಲ್ ತೊಟ್ಟಿಕ್ತಾನೇ ಇರತ್ತೆ, ಫ್ಲಶ್ ಟ್ಯಾಂಕಿನ ಕನೆಕ್ಷನ್ ಪೈಪು ಒಂದ್ಸಲ ರಾತ್ರಿ ಒಡೆದು ರೂಮೆಲ್ಲ ನೀರಾಯ್ತು. ಗೇಜ್ ಹಾಕಿ ನೋಡಿದ್ರೆ ರಾತ್ರಿ ಎಲ್ಲ ಬಂದ್ ಮಾಡಿದಾಗ 6 ಕೇಜಿ, ತೋಟಕ್ಕೆ ನೀರು ಬಿಟ್ಟಾಗ 3. ಪ್ಲಂಬರ್ ಹೇಳ್ತಾನೆ ರೆಗ್ಯುಲೇಟರ್ (ಪ್ರೆಷರ್ ಕಡಿಮೆ ಮಾಡೋ ವಾಲ್) ಮೇಲೆ ಟ್ಯಾಂಕಿನ ಬಾಯಲ್ಲೇ ಹಾಕೋಣ ಅಂತ, ಅಂಗಡಿಯವ್ರು ಗೀಸರ್ ಹತ್ರ ಸಾಕು ಅಂತಾರೆ. ಯಾವ್ದು ಸರಿ?

ಉತ್ತರ: ಎರಡೂ ಬೇಡ ಮಾರಾಯ್ರೆ. ಗುಡ್ಡದಿಂದ ಬರೋ ಲೈನು ಮನೆ ಹತ್ರ ಬಂದ್ಮೇಲೆ, ತೋಟಕ್ಕೆ ಮತ್ತೆ ಕೊಟ್ಟಿಗೆಗೆ ಹೋಗೋ ಟೀ (ಕವಲೊಡೆಯೋ ಜಾಯಿಂಟ್) ದಾಟಿ, ಅಡಿಗೆಮನೆಗೋ ಬಚ್ಚಲಿಗೋ ಮೊದಲ್ನೇ ಕವಲು ಒಡೆಯೋದಕ್ಕೆ ಮುಂಚೆ ಹಾಕ್ಸಿ, ಅದೂ ಮನೆ ನಲ್ಲಿಗಳ ಮಟ್ಟದಲ್ಲೇ. ಹೊರಗಡೆ ಗೋಡೆ ಮೇಲೆ, ನಿಂತ್ಕೊಂಡು ಕೈಗೆ ಸಿಗೋ ಎತ್ತರದಲ್ಲಿ. ತೋಟಕ್ಕೆ ಪೂರ್ತಿ ಪ್ರೆಷರ್ ಬೇಕು, ಸ್ಪ್ರಿಂಕ್ಲರ್ ತಿರುಗ್ಬೇಕಲ್ಲ, ಅದಕ್ಕೆ ಯಾಕೆ ಕಡಿಮೆ ಮಾಡ್ತೀರ. ಕಡಿಮೆ ಬೇಕಾಗಿರೋದು ಮನೆ ಒಳಗೆ ಮಾತ್ರ. ಆದ್ರೆ ಹಾಕ್ಸೋದಕ್ಕೆ ಮುಂಚೆ ನಿಮ್ಮ ಪೈಪಿನ ಬಗ್ಗೆ ಒಂದು ದೊಡ್ಡ ವಿಷಯ ಇದೆ, ನೀವು ಅದನ್ನ ಕೇಳಿಲ್ಲ, ಆದ್ರೂ ಕೆಳಗೆ ಬರೀತೀನಿ, ದಯವಿಟ್ಟು ಅದನ್ನ ಬಿಟ್ಟು ಓದ್ಬೇಡಿ.

ಮೊದ್ಲು ಟ್ಯಾಂಕಿನ ಬಾಯಲ್ಲಿ ಯಾಕೆ ಬೇಡ ಅಂತ. ನೀರಿನ ಪ್ರೆಷರ್ ಟ್ಯಾಂಕಲ್ಲಿ ಹುಟ್ಟಲ್ಲ, ನೀರು ಕೆಳಗೆ ಇಳೀತಾ ಇಳೀತಾ ಹುಟ್ಟತ್ತೆ. ಲೆಕ್ಕ ಸುಲಭ, ನೀರಿನ ಮಟ್ಟದಿಂದ ನೆಟ್ಟಗೆ 10 ಮೀಟರ್ ಅಂದ್ರೆ ಸುಮಾರು 33 ಅಡಿ ಕೆಳಗೆ ಬಂದ್ರೆ 1 ಕೇಜಿ. ನಿಮ್ಮ ಟ್ಯಾಂಕಲ್ಲಿ ಒಂದೂವರೆ ಮೀಟರ್ ನೀರು ನಿಂತಿದ್ರೆ ಅದರ ಬಾಯಲ್ಲಿ ಇರೋ ಪ್ರೆಷರ್ 0.15 ಕೇಜಿ ಅಷ್ಟೇ. ಅಲ್ಲಿ 2.5 ಕೇಜಿಗೆ ಸೆಟ್ ಮಾಡಿದ ರೆಗ್ಯುಲೇಟರ್ ಕೂರ್ಸಿದ್ರೆ ಅದು ಪೂರ್ತಿ ಬಾಯಿ ತೆರ್ಕೊಂಡೇ ಕೂತಿರತ್ತೆ, ಕಡಿಮೆ ಮಾಡೋಕೆ ಅಲ್ಲಿ ಏನೂ ಇಲ್ವಲ್ಲ. ಆಮೇಲೆ ಅಲ್ಲಿಂದ ಕೆಳಗೆ ಪೂರ್ತಿ ಇಳಿಜಾರಿನ ಪ್ರೆಷರ್ ಮತ್ತೆ ಸೇರ್ಕೊಂಡು ಮನೆಗೆ ಬರೋ ಹೊತ್ತಿಗೆ ಅದೇ 6 ಕೇಜಿ. ದುಡ್ಡು ದಂಡ, ಜೊತೆಗೆ ಮಳೆಗಾಲದಲ್ಲಿ ಅದು ಕಟ್ಕೊಂಡ್ರೆ ಇಂಬಳ ಕಚ್ಚಿಸ್ಕೊಂಡು ಗುಡ್ಡ ಹತ್ತೋ ಕೆಲ್ಸ.

ನಿಮ್ಮ ಪ್ಲಂಬರ್ 800 ಅಡಿ ಪೈಪು ಅಂತ ಹೆದರಿರ್ಬಹುದು. ಪೈಪಿನ ಉದ್ದಕ್ಕೂ ನಿಂತ ನೀರಿನ ಪ್ರೆಷರಿಗೂ ಸಂಬಂಧ ಇಲ್ಲ, ಎತ್ತರ ಮಾತ್ರ ಲೆಕ್ಕ. ರಾತ್ರಿ 6 ಕೇಜಿ ತೋರ್ಸಿದೆ ಅಂದ್ರೆ ನಿಮ್ಮ ಟ್ಯಾಂಕಿನ ನೀರು ಮನೆ ನಲ್ಲಿಗಿಂತ ಸುಮಾರು 60 ಮೀಟರ್, 200 ಅಡಿ ಮೇಲಿದೆ, ಪೈಪು ಸುತ್ತು ಹಾಕ್ಕೊಂಡು ಬಂದಿದ್ರಿಂದ 800 ಅಡಿ ಆಗಿದೆ. ದಪ್ಪ ಪೈಪು ಹಾಕಿದ್ರೂ ಸಣ್ಣ ಪೈಪು ಹಾಕಿದ್ರೂ ನಲ್ಲಿ ಬಂದ್ ಮಾಡಿದಾಗ ಅದೇ 6. ಉದ್ದ, ದಪ್ಪ ಎಲ್ಲ ಲೆಕ್ಕಕ್ಕೆ ಬರೋದು ನೀರು ಹರಿಯುವಾಗ, ಆಗ ಪೈಪಿನ ಒಳಗಿನ ಉಜ್ಜಾಟದಲ್ಲಿ ಒಂದಷ್ಟು ಪ್ರೆಷರ್ ಖರ್ಚಾಗತ್ತೆ, ತೋಟಕ್ಕೆ ಬಿಟ್ಟಾಗ 3 ತೋರ್ಸಿದ್ದು ಅದಕ್ಕೇ. ಹಗಲು ಎಲ್ಲ ಚೆನ್ನಾಗಿದೆ ಅನ್ಸತ್ತೆ, ರಾತ್ರಿ ಎಲ್ಲರೂ ಮಲಗಿದ್ಮೇಲೆ ಕನೆಕ್ಷನ್ ಪೈಪು ಒಡೆಯತ್ತೆ. ನಿಮ್ಮನೇಲಿ ಆಗಿದ್ದೂ ಇದೇ.

ಗುಡ್ಡದ ಮಧ್ಯ ಎಲ್ಲೋ ಹಾಕೋಣ್ವಾ ಅಂತ ಮುಂದಿನ ಮಾತು ಬರತ್ತೆ. ಮನೆಗಿಂತ 25 ಮೀಟರ್ ಮೇಲೆ 2.5 ಕೇಜಿಗೆ ಸೆಟ್ ಮಾಡಿ ಕೂರ್ಸಿದ್ರಿ ಅಂತಿಟ್ಕೊಳ್ಳಿ, ಮನೇಲಿ ಬರೋದು 2.5 ಅಲ್ಲ, 5. ಹಾಕಿದ ಜಾಗದಿಂದ ಕೆಳಗಿನ ಇಳಿಜಾರು ಮತ್ತೆ ಸೇರತ್ತೆ. ಅದಕ್ಕೇ ಮನೆ ಮಟ್ಟದಲ್ಲೇ ಇರ್ಲಿ ಅಂದಿದ್ದು.

ಗೀಸರ್ ಹತ್ರ ಮಾತ್ರ ಹಾಕೋದು ಇನ್ನೂ ತಲೆನೋವು. ಕೇಳಕ್ಕೆ ಸರಿ ಅನ್ಸತ್ತೆ, ಹಾಳಾಗೋ ದುಬಾರಿ ಸಾಮಾನು ಗೀಸರೇ ತಾನೆ ಅಂತ. ಆದ್ರೆ ಮಿಕ್ಸರ್ ನೋಡಿ, ಒಂದು ಕಡೆಯಿಂದ ತಣ್ಣೀರು 6 ಕೇಜಿಯಲ್ಲಿ ಬರ್ತಿದೆ, ಇನ್ನೊಂದು ಕಡೆಯಿಂದ ಬಿಸಿನೀರು 2.5ರಲ್ಲಿ. ಎರಡೂ ತೆರೆದ ತಕ್ಷಣ ತಣ್ಣೀರು ಬಿಸಿನೀರನ್ನ ಹಿಂದಕ್ಕೆ ತಳ್ಳತ್ತೆ, ನೀವು ಬಿಸಿ ಕಡೆ ಎಷ್ಟು ತಿರುಗಿಸಿದ್ರೂ ಉಗುರುಬೆಚ್ಚಗೆ ಬರೋದೂ ಕಷ್ಟ. ಅಷ್ಟೇ ಅಲ್ಲ, ಮಿಕ್ಸರಿನ ಎರಡೂ ಹಿಡಿ ತೆರೆದಿಟ್ಟು ಮುಂದೆ ಶವರ್ ಬಂದ್ ಮಾಡಿದ್ರೆ ಆ 6 ಕೇಜಿ ಬಿಸಿನೀರಿನ ಪೈಪಿನ ಮೂಲಕ ಉಲ್ಟಾ ಹೋಗಿ ಗೀಸರಿನ ಹೊಟ್ಟೆಗೇ ಬೀಳತ್ತೆ, ರೆಗ್ಯುಲೇಟರ್ ಬಾಗ್ಲು ಕಾಯ್ತಾ ಇರತ್ತೆ, ಕಳ್ಳ ಹಿತ್ತಲಿಂದ ಬಂದಿರ್ತಾನೆ. ಬಿಸಿ-ತಣ್ಣೀರು ಎರಡೂ ಒಂದೇ ರೆಗ್ಯುಲೇಟರ್ ದಾಟಿ ಬರ್ಬೇಕು, ಇದು ಕಡ್ಡಾಯ.

ಈಗ ಪೈಪಿನ ವಿಷಯ. ಹಿಂದೆ ಅಡಿಕೆ ದಂಬೆಯಲ್ಲಿ (ಸೀಳಿದ ಅಡಿಕೆ ಮರದ ಕಾಲುವೆ) ನೀರು ತರ್ತಿದ್ದ ಕಾಲದಲ್ಲಿ ಅಬ್ಬಿ ನೀರನ್ನ ಯಾರೂ ನಿಲ್ಲಿಸ್ತಿರ್ಲಿಲ್ಲ, ಬಂದಿದ್ದು ಬಂದ ಹಾಗೆ ತೊಟ್ಟಿಗೆ ಬಿದ್ದು ತುಂಬಿ ತೋಟಕ್ಕೆ ಹೋಗ್ತಿತ್ತು. ಪೈಪು ಬಂದ ಮೇಲೂ ಸುಮಾರು ಮನೆಗಳಲ್ಲಿ ಹಾಗೇ ಇತ್ತು, ಹಗಲೂ ರಾತ್ರಿ ನೀರು ಬೀಳ್ತಾನೇ ಇರೋದು. ತುದಿ ತೆರೆದಿರೋ ಪೈಪಲ್ಲಿ ಪ್ರೆಷರ್ ಜಾಸ್ತಿ ಏರಲ್ಲ, ಹಾಗಾಗಿ 4 ಕೇಜಿ ಪೈಪು ಎಷ್ಟೋ ವರ್ಷ ಬಾಳಿಕೆ ಬಂತು. ಯಾವತ್ತು ಕೆಳಗಡೆ ಬಂದ್ ಮಾಡೋ ನಲ್ಲಿ, ಗೀಸರ್, ಫ್ಲೋಟ್ ವಾಲ್ ಎಲ್ಲ ಬಂತೋ ಅವತ್ತಿಂದ ಅದೇ ಪೈಪಿನ ಮೇಲೆ ಪೂರ್ತಿ ನಿಂತ ನೀರಿನ ಭಾರ ಬೀಳೋಕೆ ಶುರುವಾಯ್ತು. ರೆಗ್ಯುಲೇಟರ್ ಹಾಕಿದ್ರೆ ಈ ಭಾರ ಕಡಿಮೆ ಆಗಲ್ಲ ಅನ್ನೋದನ್ನ ಚೆನ್ನಾಗಿ ನೆನಪಿಟ್ಕೊಳ್ಳಿ. ಅದು ತನ್ನ ಮುಂದಿನ ಲೈನನ್ನ ಮಾತ್ರ ಕಾಯತ್ತೆ, ಹಿಂದಿನ ಗುಡ್ಡದ ಲೈನಲ್ಲಿ 6 ಕೇಜಿ ಹಾಗೇ ನಿಂತಿರತ್ತೆ. 

ನಿಮ್ಮ ಕೆಳಗಿನ 6 ಕೇಜಿ ಪಿವಿಸಿ ಮೇಲೆ ಈಗ ಸರಿಯಾಗಿ 6 ಕೇಜಿ ನಿಂತಿದೆ, ಅಂದ್ರೆ ಮಾರ್ಜಿನ್ ಸೊನ್ನೆ. ತೋಟದ ಬಾಲ್ ವಾಲನ್ನ ಯಾರಾದ್ರೂ ಪಟ್ ಅಂತ ತಿರುಗಿಸಿ ಬಂದ್ ಮಾಡಿದ್ರೆ ಹರೀತಿದ್ದ ಅಷ್ಟೂ ನೀರು ಒಮ್ಮೆಲೇ ನಿಂತು ಗುದ್ದತ್ತೆ, ಆ ಕ್ಷಣಕ್ಕೆ ಎರಡು-ಮೂರು ಕೇಜಿ ಜಾಸ್ತಿ ಆಗೋದು ಏನೂ ದೊಡ್ಡದಲ್ಲ. ಗೋಡೆಯಲ್ಲಿ ಢಬ್ ಅಂತ ಶಬ್ದ ಕೇಳ್ತಿದ್ರೆ ಅದು ಇದೇ. ತೋಟದ ಲೈನಿಗೆ ನಿಧಾನಕ್ಕೆ ತಿರುಗೋ ಗೇಟ್ ವಾಲ್ ಹಾಕ್ಸಿ, ಬಾಲ್ ವಾಲೇ ಇದ್ರೆ ಹತ್ತು ಎಣಿಸ್ತಾ ಬಂದ್ ಮಾಡೋಕೆ ಮನೆ ಮಕ್ಕಳಿಗೂ ಕೆಲ್ಸದವ್ರಿಗೂ ಹೇಳಿಕೊಡಿ.

ಪೈಪು ಹೇಗೆ ಹಂಚ್ಬೇಕು ಅಂದ್ರೆ, ಟ್ಯಾಂಕಿನಿಂದ ನೆಟ್ಟಗೆ 30 ಮೀಟರ್ ಇಳಿಯೋವರ್ಗೆ 4 ಕೇಜಿ ಪೈಪು ನಡಿಯತ್ತೆ, ಅಲ್ಲಿಂದ 45 ಮೀಟರ್ ವರ್ಗೆ 6 ಕೇಜಿ, ಅದರ ಕೆಳಗೆ 10 ಕೇಜಿ. ಪೂರ್ತಿ ಲೈನು 10 ಕೇಜಿ ಹಾಕೋ ಅಗತ್ಯ ಇಲ್ಲ, ಮೇಲ್ಗಡೆ ಅಷ್ಟು ಪ್ರೆಷರೇ ಇರಲ್ಲ. ಹಳೇ ಕಪ್ಪು ಪೈಪು ಪಿವಿಸಿಗೆ ಸೇರೋ ಜಾಯಿಂಟ್ ಇದೆಯಲ್ಲ, ಅಲ್ಲೊಂದು ಟೀ ಹಾಕಿ ಗೇಜ್ ಕೂರ್ಸಿ, ಕೆಳಗೆ ಎಲ್ಲ ಬಂದ್ ಮಾಡ್ಸಿ ನೋಡಿ. 3 ಒಳಗಿದ್ರೆ ಮೇಲಿನ ಪೈಪು ಹಾಗೇ ಇರ್ಲಿ. 4 ಹತ್ರ ಇದ್ರೆ ಜಾಯಿಂಟಿನ ಮೇಲಿನ ಒಂದಷ್ಟು ಉದ್ದ ಬದಲಿಸ್ಬೇಕು. ಮನೆ ಹತ್ರದ ಕೊನೇ ಇಳಿಜಾರಿಗಂತೂ 10 ಕೇಜಿ ಪೈಪು ಹಾಕೇ ಹಾಕ್ಬೇಕು, ಇದ್ರಲ್ಲಿ ಉಳಿತಾಯ ನೋಡ್ಬೇಡಿ.

ಅಷ್ಟು ಪೈಪು ಬದಲಿಸೋದು ಈ ವರ್ಷ ಆಗಲ್ಲ ಅಂದ್ರೆ ಇನ್ನೊಂದು ದಾರಿ ಇದೆ, ನನಗೆ ವೈಯಕ್ತಿಕವಾಗಿ ಇದೇ ಹೆಚ್ಚು ಇಷ್ಟ. ಮನೆಗಿಂತ 15ರಿಂದ 20 ಮೀಟರ್ ಮೇಲೆ ಗಟ್ಟಿ ಜಾಗ ನೋಡಿ 500 ಲೀಟರಿನ ಒಂದು ಟ್ಯಾಂಕ್ ಇಡಿ. ಗುಡ್ಡದ ನೀರು ಅದಕ್ಕೆ ಬೀಳ್ಲಿ, ಹೆಚ್ಚಾಗಿದ್ದು ಓವರ್‌ಫ್ಲೋ ಪೈಪಲ್ಲಿ ತೋಟದ ತೊಟ್ಟಿಗೆ ಹೋಗ್ಲಿ, ಮನೆಗೆ ಲೈನು ಈ ಟ್ಯಾಂಕಿನ ತಳದಿಂದ. ನೀರು ಗಾಳಿಗೆ ಬಿದ್ದ ಕೂಡ್ಲೇ ಮೇಲಿನ ಪ್ರೆಷರ್ ಎಲ್ಲ ಅಲ್ಲಿಗೆ ಮುಗೀತು, ಮನೆಗೆ ಬರೋದು ಒಂದೂವರೆಯಿಂದ 2 ಕೇಜಿ ಮಾತ್ರ, ಸ್ಪ್ರಿಂಗ್ ಇಲ್ಲ ರಬ್ಬರ್ ಇಲ್ಲ ಹಾಳಾಗೋಕೆ ಏನೂ ಇಲ್ಲ, ಕೆಸರು ಅಲ್ಲೇ ತಳದಲ್ಲಿ ಕೂರತ್ತೆ. ಬೇಸಿಗೆಯಲ್ಲೂ ಅಬ್ಬಿ ಬತ್ತದೆ ಇರೋ ಜಾಗದಲ್ಲಿ ಫ್ಲೋಟ್ ವಾಲ್ ಹಾಕ್ಲೇಬೇಡಿ, ಹರೀತಾನೇ ಇರ್ಲಿ, ಆಗ ಗುಡ್ಡದ ಪೈಪಿಗೂ ಭಾರ ಇಲ್ಲ. ಒಂದು ಎಚ್ಚರ, ಇದೇ ಮೇಲಿನ ಲೈನಿಂದ ತೋಟಕ್ಕೂ ಟೀ ಹೊಡೆದು ಕೆಳಗೆ ಗೇಟ್ ವಾಲ್ ಬಂದ್ ಮಾಡಿ ಇಟ್ಟಿದ್ರೆ ಆ ಕವಲಲ್ಲಿ ಈ ಟ್ಯಾಂಕಿನ ಮಟ್ಟದವರೆಗಿನ ಪ್ರೆಷರ್ ಇದ್ದೇ ಇರತ್ತೆ. ನೀರು ಉಳಿಸ್ಲೇಬೇಕು ಅಂದ್ರೆ ಹಿತ್ತಾಳೆಯ ಹೈ ಪ್ರೆಷರ್ ಫ್ಲೋಟ್ ವಾಲೇ ಬೇಕು, ಮನೆ ಟ್ಯಾಂಕಿಗೆ ಹಾಕೋ ಪ್ಲಾಸ್ಟಿಕ್ಕಿನದ್ದು ಇಷ್ಟು ಪ್ರೆಷರಿಗೆ ಮುಚ್ಕೊಳ್ಳಲ್ಲ. ಫ್ಲೋಟ್ ಹಾಕಿದ್ರೆ ಮೇಲಿನ ಪೈಪಲ್ಲಿ ಮತ್ತೆ ನೀರು ನಿಲ್ಲತ್ತೆ, ಪೈಪಿನ ಲೆಕ್ಕ ಅದಕ್ಕೆ ತಕ್ಕಂತೆ ನೋಡ್ಕೊಳ್ಳಿ. ಧರೆಯ (ಕಡಿದಾದ ಮಣ್ಣಿನ ಗೋಡೆ) ಅಂಚಲ್ಲಿ ಮಾತ್ರ ಟ್ಯಾಂಕ್ ಇಡ್ಬೇಡಿ, 500 ಲೀಟರ್ ಅಂದ್ರೆ ಅರ್ಧ ಟನ್ ಭಾರ, ಆಷಾಢದ ಮಳೇಲಿ ಧರೆ ಜರಿದ್ರೆ ನೇರ ಮನೆ ಹಿಂದೆ.

ರೆಗ್ಯುಲೇಟರೇ ಹಾಕ್ತೀನಿ ಅಂದ್ರೆ ಕೂರ್ಸೋ ರೀತಿ ಹೇಳ್ತೀನಿ. ನೀರು ಬರೋ ಕಡೆಯಿಂದ ಮೊದ್ಲು ಒಂದು ಬಂದ್ ಮಾಡೋ ವಾಲ್, ಆಮೇಲೆ ವೈ ಸ್ಟ್ರೇನರ್ (ಕಸ ಹಿಡಿಯೋ ಜಾಲರಿ), ಆಮೇಲೆ ರೆಗ್ಯುಲೇಟರ್, ಅದರ ಮುಂದೆ ಒಂದು ಗೇಜ್, ಕೊನೆಗೆ ಇನ್ನೊಂದು ವಾಲ್. ರೆಗ್ಯುಲೇಟರಿನ ಎರಡೂ ಕಡೆ ಯೂನಿಯನ್ ಇರ್ಲಿ, ಇಲ್ದಿದ್ರೆ ಮುಂದೊಂದು ದಿನ ಬಿಚ್ಚೋಕೆ ಪೈಪು ಕೊಯ್ಯಬೇಕಾಗತ್ತೆ. ಮೈಮೇಲೆ ಬಾಣದ ಗುರುತಿರತ್ತೆ, ನೀರು ಹೋಗೋ ದಿಕ್ಕಿಗೇ ಬಾಣ ಇರ್ಬೇಕು, ಸ್ಟ್ರೇನರಿನ ಬಾಲ ಕೆಳಗೆ ಮುಖ ಮಾಡಿರ್ಬೇಕು ಯಾಕಂದ್ರೆ ಕಸ ಅಲ್ಲಿ ಇಳಿದು ಕೂರ್ಬೇಕು. ಎಲ್ಬೋ ಬೆನ್ನಿಗೇ ತಗುಲಿಸ್ಬೇಡಿ, ಹಿಂದೆ ಮುಂದೆ ಅರ್ಧ ಅಡಿಯಾದ್ರೂ ನೆಟ್ಟಗಿನ ಪೈಪು ಬಿಡಿ. ಹಿತ್ತಾಳೆ ಸಾಮಾನು ಭಾರ, ಪ್ಲಾಸ್ಟಿಕ್ ಪೈಪಿಗೆ ನೇತಾಡಿಸಿದ್ರೆ ಚೂಡಿ (ತಿರುಪಿನ ಹಲ್ಲು) ಹತ್ರ ಸೀಳು ಬಿಡತ್ತೆ, ಗೋಡೆಗೆ ಕ್ಲಾಂಪ್ ಹೊಡೆದು ಭಾರ ಕ್ಲಾಂಪ್ ಮೇಲೆ ಕೂರ್ಸಿ. ಜೋಡಿಸೋಕೆ ಹಿತ್ತಾಳೆ ಚೂಡಿ ಇರೋ ಎಂಟಿಎ (ಹೊರಗೆ ಚೂಡಿ ಇರೋ ಜೋಡಣೆ ತುಂಡು) ತಗೊಳ್ಳಿ, ಬರೀ ಪ್ಲಾಸ್ಟಿಕ್ ಚೂಡಿದು ಬೇಡ. ನೆಲದೊಳಗೆ ಹೂಳೋದು, ಗೋಡೆ ಒಳಗೆ ಪ್ಲಾಸ್ಟರ್ ಮಾಡಿ ಮುಚ್ಚೋದು, ಅಂಗಳದ ಚೇಂಬರಿನಲ್ಲಿಟ್ಟು ಮಳೆಗಾಲವೆಲ್ಲ ನೀರಲ್ಲಿ ಮುಳುಗಿಸೋದು, ಇದ್ಯಾವುದೂ ಬೇಡ. ನಮ್ಮ ಕಡೆ ಮಂಗನ ಕಾಟ ಗೊತ್ತಲ್ಲ, ಗೇಜ್ ಕಂಡ್ರೆ ಕಿತ್ತೇ ಕೀಳ್ತಾವೆ, ಒಂದು ತಂತಿ ಜಾಲರಿ ಪೆಟ್ಟಿಗೆ ಮಾಡ್ಸಿ ಬೀಗ ಹಾಕಿ.

ಸ್ಟ್ರೇನರ್ ಯಾಕೆ ಅಷ್ಟು ಮುಖ್ಯ ಅಂದ್ರೆ, ಮಲೆನಾಡಲ್ಲಿ ರೆಗ್ಯುಲೇಟರ್ ಸಾಯೋದು ಹೆಚ್ಚಾಗಿ ಕಸದಿಂದ್ಲೇ. ಬಿಚ್ಚಿ ನೋಡಿದ್ರೆ ಒಳಗೆ ನಾಣ್ಯದಷ್ಟು ಅಗಲದ ಒಂದು ರಬ್ಬರ್ ಸೀಟು ಇರತ್ತೆ, ಅದು ಹಿತ್ತಾಳೆಯ ಸಣ್ಣ ಬಾಯಿ ಮೇಲೆ ಕೂತು ಮುಚ್ಚತ್ತೆ. ಜಡಿಮಳೆ ಹಿಡಿದ ಮೊದಲ ವಾರ ಕೆಂಪು ನೀರು ಬರುವಾಗ ಒಂದು ಮರಳಿನ ಕಾಳು, ಇಲ್ಲಾ ಕೊಳೆತ ಎಲೆಯ ನಾರಿನ ಒಂದು ಎಳೆ ಆ ರಬ್ಬರಿಗೂ ಹಿತ್ತಾಳೆಗೂ ಮಧ್ಯ ಸಿಕ್ಕಿದ್ರೆ ಸಾಕು, ಪೂರ್ತಿ ಮುಚ್ಚಲ್ಲ, ರಬ್ಬರಿನ ಮೇಲೆ ಕೂದಲಿನಂಥ ಗೀರು ಬೀಳತ್ತೆ. ಆಮೇಲೆ ನಲ್ಲಿ ತೆರೆದಾಗ ಪ್ರೆಷರ್ ಸರಿ ಇರತ್ತೆ, ಬಂದ್ ಮಾಡಿದ್ಮೇಲೆ ಗೇಜಿನ ಮುಳ್ಳು 2.5ರಿಂದ 3, 4 ಅಂತ ನಿಧಾನಕ್ಕೆ ಹತ್ತಿ ಬೆಳಿಗ್ಗೆ ಹೊತ್ತಿಗೆ 6ಕ್ಕೆ ಬಂದಿರತ್ತೆ. ಮುಂದೆ ಗೇಜ್ ಇಲ್ದಿದ್ರೆ ಇದು ಯಾರಿಗೂ ಗೊತ್ತೇ ಆಗಲ್ಲ. ಹಾಗಾಗಿ ಮೇಲೆ ಟ್ಯಾಂಕಿನ ಒಳಗೆ ಪೈಪಿನ ಬಾಯಿಗೆ ಜಾಲರಿ ಕಟ್ಟಿ, ಬಾಯಿಯನ್ನ ತಳದಿಂದ ಅರ್ಧ ಅಡಿ ಎತ್ತರದಲ್ಲಿಡಿ. ಸ್ಟ್ರೇನರಿನ ಜಾಲರಿಯನ್ನ ಮಳೆಗಾಲದಲ್ಲಿ ವಾರಕ್ಕೊಂದ್ಸಲ, ಉಳಿದ ದಿನ ತಿಂಗಳಿಗೊಂದ್ಸಲ ತೆಗೆದು ತೊಳೀರಿ, ಹಳೇ ಟೂತ್ ಬ್ರಷ್ ಸಾಕು, ಐದು ನಿಮಿಷದ ಕೆಲ್ಸ.

ಸೆಟ್ಟಿಂಗ್ ಬಗ್ಗೆ. ಸಾಮಾನ್ಯವಾಗಿ ಅಂಗಡಿಯಿಂದ ಬರುವಾಗ್ಲೇ 3ಕ್ಕೆ ಸೆಟ್ ಆಗಿರತ್ತೆ. ತಲೆ ಮೇಲಿನ ಸ್ಕ್ರೂ ಬಿಗಿ ಮಾಡಿದ್ರೆ ಪ್ರೆಷರ್ ಜಾಸ್ತಿ, ಸಡಿಲ ಮಾಡಿದ್ರೆ ಕಡಿಮೆ. ಎಲ್ಲ ನಲ್ಲಿ ಬಂದ್ ಮಾಡಿ ಗೇಜ್ ನೋಡ್ತಾ ತಿರುಗಿಸ್ಬೇಕು, ಕಡಿಮೆ ಮಾಡುವಾಗ ಮುಂದೆ ಸಿಕ್ಕಿಹಾಕ್ಕೊಂಡಿರೋ ಪ್ರೆಷರ್ ಹೋಗ್ಲಿ ಅಂತ ಪ್ರತಿಸಲ ಒಂದು ನಲ್ಲಿ ತೆರೆದು ಮುಚ್ಚಿ ಆಮೇಲೆ ಓದಿ, ಇಲ್ದಿದ್ರೆ ಮುಳ್ಳು ಇಳಿಯೋದೇ ಇಲ್ಲ, ಸ್ಕ್ರೂ ಪೂರ್ತಿ ಬಿಚ್ಚಿಬಿಡ್ತಾರೆ. ನಿಮಗೆ 2.5 ಸರಿಹೋಗತ್ತೆ. ಉಪ್ಪರಿಗೆ ಮೇಲೆ ಬಾತ್‌ರೂಮ್ ಇದ್ರೆ ಅಲ್ಲಿಗೆ 2.2 ಹತ್ರ ಸಿಗತ್ತೆ, ಶವರಿಗೆ ಧಾರಾಳ. 6ರಿಂದ 2.5ಕ್ಕೆ ಇಳಿಸೋದು ಒಂದೇ ರೆಗ್ಯುಲೇಟರಿಗೆ ಕಷ್ಟ ಅಲ್ಲ, ಆದ್ರೆ 100 ಮೀಟರ್ ಮೇಲಿಂದ ನೀರು ತರೋ ಮನೆಗಳೂ ಇವೆ ನಮ್ಮಲ್ಲಿ, ಅಂಥವ್ರು ಒಂದೇ ಏಟಿಗೆ ಇಳಿಸೋಕೆ ಹೋಗ್ಬಾರ್ದು, ಶಿಳ್ಳೆ ಹೊಡೆದ ಹಾಗೆ ಶಬ್ದ ಬಂದು ಸೀಟು ಬೇಗ ತಿಂದುಹೋಗತ್ತೆ, ಅವರಿಗೆ ಮಧ್ಯದ ಟ್ಯಾಂಕೇ ಸರಿ. ಸೈಜಿನ ವಿಷಯ, ಗುಡ್ಡದ ಪೈಪು ಒಂದೂವರೆ ಇಂಚಿದೆ ಅಂತ ಒಂದೂವರೆ ಇಂಚಿನ ರೆಗ್ಯುಲೇಟರ್ ತರ್ಬೇಡಿ. ಎರಡು ಬಾತ್‌ರೂಮಿನ ಮನೆಗೆ ಮುಕ್ಕಾಲು ಇಂಚು, ಹೆಚ್ಚಂದ್ರೆ ಒಂದು ಇಂಚು. ದೊಡ್ಡದು ತಂದ್ರೆ ಒಂದು ನಲ್ಲಿ ಸಣ್ಣಗೆ ಬಿಟ್ಟಾಗ ಅದು ತೆರೆದು ಮುಚ್ಚಿ ತೆರೆದು ಮುಚ್ಚಿ ನಡುಗ್ತಾ ಇರತ್ತೆ.

ಗೀಸರ್ ತೊಟ್ಟಿಕ್ಕೋದು. ಗೀಸರಿನ ಲೇಬಲ್ ನೋಡಿ, ಸಾಮಾನ್ಯವಾಗಿ ಸ್ಟೋರೇಜ್ ಗೀಸರಿಗೆ 0.8 ಎಂಪಿಎ ಅಂದ್ರೆ 8 ಬಾರ್, ಇನ್‌ಸ್ಟಂಟ್ ಗೀಸರಿಗೆ 0.65, ಅಂದ್ರೆ 6.5 ಬಾರ್ ಅಂತ ಬರೆದಿರತ್ತೆ, ಬಾರ್ ಅಂದ್ರೂ ಕೇಜಿ ಅಂದ್ರೂ ಹತ್ರ ಹತ್ರ ಒಂದೇ. ನಿಮ್ಮಲ್ಲಿ ನಿಂತ ನೀರೇ 6 ಇದೆ, ಇನ್‌ಸ್ಟಂಟ್ ಗೀಸರ್ ಆಗಿದ್ರೆ ಈಗ್ಲೇ ಅಪಾಯದ ಅಂಚಲ್ಲಿದೆ. ಆದ್ರೆ ರೆಗ್ಯುಲೇಟರ್ ಹಾಕಿದ್ಮೇಲೂ ಕಾಯಿಸುವಾಗ ಒಂದಿಷ್ಟು ತೊಟ್ಟಿಕ್ಕಬಹುದು, ಅದನ್ನ ನೋಡಿ ಗಾಬರಿ ಆಗ್ಬೇಡಿ. 25 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಕಾದ್ರೆ ಸುಮಾರು 350 ಮಿಲಿ ಹಿಗ್ಗತ್ತೆ, ಗೀಸರಿನ ವಾಲ್ ಒಳಗೇ ನೀರು ಹಿಂದೆ ಹೋಗದ ಹಾಗೆ ತಡೆ ಇರೋದ್ರಿಂದ ಆ ನೀರು ಹನಿಹನಿಯಾಗಿ ಹೊರಗೆ ಬರತ್ತೆ. ಅದಕ್ಕೊಂದು ಸಣ್ಣ ಪೈಪು ಜೋಡ್ಸಿ ಬಚ್ಚಲಿಗೆ ಬಿಡಿ. ಸೋರತ್ತೆ ಅಂತ ಆ ವಾಲಿನ ಬಾಯಿಗೆ ಎಂಡ್ ಕ್ಯಾಪ್ ಹಾಕೋರಿದಾರೆ, ದಯಮಾಡಿ ಹಾಗೆ ಮಾಡ್ಬೇಡಿ, ಥರ್ಮೋಸ್ಟಾಟ್ ಕೈಕೊಟ್ಟ ದಿನ ಗೀಸರ್ ಸಿಡಿಯತ್ತೆ, ಅದರ ಕೆಳಗೆ ಸ್ನಾನ ಮಾಡ್ತಾ ಇರೋರು ನಮ್ಮನೆ ಮಕ್ಕಳು. ಗೀಸರ್ ಆಫ್ ಇದ್ದು ತಣ್ಣಗಿರುವಾಗ್ಲೂ ತೊಟ್ಟಿಕ್ಕಿದ್ರೆ ಮಾತ್ರ ಒಂದೋ ರೆಗ್ಯುಲೇಟರ್ ಪ್ರೆಷರ್ ಹಿಡೀತಿಲ್ಲ, ಇಲ್ಲಾ ಆ ವಾಲಲ್ಲೇ ಕಸ ಸೇರಿದೆ. ಸೌದೆ ಒಲೆ ಹಂಡೆಗೆ ಈ ತಾಪತ್ರಯ ಯಾವುದೂ ಇಲ್ಲ, ಬಾಯಿ ತೆರೆದಿರೋ ಪಾತ್ರೆ. ಮುಂದೆ ಗಾಜಿನ ಕೊಳವೆಯ ಮಾಮೂಲಿ ಸೋಲಾರ್ ಹಾಕೋ ಯೋಚ್ನೆ ಇದ್ರೆ ಅದಕ್ಕೆ 2.5 ಕೇಜಿಯೂ ತಡೆಯಲ್ಲ, ಅದರ ಪಕ್ಕದಲ್ಲೇ ಸಣ್ಣ ಟ್ಯಾಂಕ್ ಇಟ್ಟು ಅದರಿಂದ ಮಾತ್ರ ನೀರು ಕೊಡ್ಬೇಕು.

ಶಿವಮೊಗ್ಗ ಪೇಟೆಯಲ್ಲಿ ಟೆರೇಸ್ ಮೇಲೆ ಟ್ಯಾಂಕ್ ಇಟ್ಕೊಂಡಿರೋರು ಇದನ್ನ ಓದಿ ರೆಗ್ಯುಲೇಟರ್ ತರೋಕೆ ಓಡ್ಬೇಡಿ, ಎರಡು ಅಂತಸ್ತಿನ ಮನೇಲಿ ಕೆಳಗಿನ ನಲ್ಲಿಗೂ 1 ಕೇಜಿ ಸಿಗೋದೇ ಕಷ್ಟ. ಪ್ರೆಷರ್ ಪಂಪ್ ಹಾಕಿದ್ರೆ ಮಾತ್ರ ಗೇಜ್ ಹಾಕಿ ನೋಡಿ.

ನೀವು ಮೊದ್ಲು ಗುಡ್ಡದ ಜಾಯಿಂಟಲ್ಲಿ ಗೇಜ್ ಹಾಕಿ ಓದಿ, ಕೆಳಗಿನ ಪಿವಿಸಿ ಮೈಮೇಲಿನ ಪ್ರಿಂಟಲ್ಲಿ ನಿಜಕ್ಕೂ 6 ಕೇಜಿ ಅಂತ ಇದೆಯಾ ಅಂತ ಕಣ್ಣಾರೆ ನೋಡಿ, ಅಂಗಡಿ ಬಿಲ್ಲಿನಲ್ಲಿ ಇದೆ ಅಂತ ನಂಬ್ಬೇಡಿ. ಆ ಎರಡು ನಂಬರ್ ಜೊತೆಗೆ ಗೀಸರ್ ಸ್ಟೋರೇಜೋ ಇನ್‌ಸ್ಟಂಟೋ ಅಂತಾನೂ ಬರೀರಿ, ಎಷ್ಟು ಮೀಟರ್ ಪೈಪು ಬದಲಿಸ್ಬೇಕು ಅಂತ ಲೆಕ್ಕ ಹಾಕಿ ಕೊಡ್ತೀನಿ. ಅಲ್ಲಿವರೆಗೆ ರಾತ್ರಿ ಮಲಗೋ ಮುಂಚೆ ಮನೆ ಲೈನಿನ ವಾಲ್ ಬಂದ್ ಮಾಡಿ ಒಂದು ನಲ್ಲಿ ತೆರೆದು ಒಳಗಿನ ಪ್ರೆಷರ್ ಬಿಟ್ಟುಬಿಡಿ, ಹೊರಗಿನ ತೋಟದ ನಲ್ಲಿಯನ್ನ ಗೇಜಿನ ಮುಳ್ಳು ಇಳಿಯುವಷ್ಟು ಹರಿಯೋಕೆ ಬಿಡಿ.